ವಾಸಿಯಾಗಲೊಲ್ಲದ ಕಾಲು

ಇಸ್ಮೇಯ ಪಾದಕ್ಕೆ ಶಸ್ತ್ರಚಿಕಿತ್ಸೆ ಆದದ್ದರಿಂದ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಲಾಭವಾದದ್ದು ಅವಳ ತಾಯಿ ಮಾ ಝೆಲಿಗೆ. ಮಗಳು ಕಾಲು ಕೊಯ್ಸಿಕೊಂಡರೆ ತಾಯಿಗೇನು ಲಾಭ ಎಂದು ಮೂಗಿನ ಮೇಲೆ ಬೆರಳಿಡಬೇಡಿ. ಗ್ರೆನಾಡ ದ್ವೀಪದ ನಮ್ಮ ಬೆಟ್ಟದ ಮೇಲೆ ಯಾರನ್ನು ಕೇಳಿದರೂ ನಗುತ್ತ ಇದನ್ನೇ ಹೇಳುತ್ತಾರೆ.

ಮಾ ಝೆಲಿಗೆ ಎಂಬತ್ತು ದಾಟಿತ್ತು. ಕಣ್ಣು ಗಟ್ಟಿ, ಹಲ್ಲು ಒಂದಷ್ಟು ಗಟ್ಟಿ, ನಾಲಿಗೆಯಂತೂ ಎಲ್ಲಕ್ಕಿಂತ ಗಟ್ಟಿ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಗ್ಯಾಸಿನ ಮೇಲೆ ಅನ್ನಕ್ಕಿಟ್ಟು, ಕೆಳಗಿನ ರಸ್ತೆಯಲ್ಲಿ ಬ್ಯಾಂಡು ಬಾರಿಸಿಕೊಂಡು ಯಾರದೋ ಶವಯಾತ್ರೆ ಹೋಗುತ್ತಿದೆಯೆಂದು ನೋಡಲು ಹೋಗಿದ್ದಳು. ಅತ್ತವರು ಯಾರು, ಅತ್ತಂತೆ ಮಾಡಿದವರು ಯಾರು ಎಂದೆಲ್ಲ ಗಮನಿಸಿ ಹಿಂತಿರುಗುವಷ್ಟರಲ್ಲಿ ಅಡುಗೆಮನೆಯ ಪರದೆ ಉರಿದು, ಕಿಟಕಿಯ ಚೌಕಟ್ಟು ಕರಕಲಾಗಿತ್ತು. ಅಂದಿನಿಂದ ಇಸ್ಮೇ ತಾಯಿಯನ್ನು ಒಲೆಯ ಹತ್ತಿರ ಸುಳಿಯಲು ಬಿಡಲಿಲ್ಲ. ಜಗಲಿಯಲ್ಲಿ ಮೆತ್ತೆ ಹಾಕಿದ ಒಂದು ಕುರ್ಚಿ, ತೊಡೆಯ ಮೇಲೆ ಬಿಡಿಸಲು ಒಂದು ಬೋಗುಣಿ ತೊಗರಿಕಾಯಿ. "ನೀನು ದುಡಿದದ್ದು ಸಾಕು ಮಾ, ಆರಾಮಾಗಿ ಕೂತ್ಕೋ" ಎಂದಿದ್ದಳು. ಪ್ರೀತಿಯಿಂದಲೇ ಅಂದದ್ದು. ಮಾ ಝೆಲಿ ಕೂತಳು. ಕೂತು ಕೂತು ಕುಗ್ಗಿದಳು. ಊಟ ಸೇರದಾಯಿತು, ಮಾತಿನಲ್ಲಿ ಖಾರ ಮಾತ್ರ ಉಳಿಯಿತು.

ಇಸ್ಮೇಯ ಮಗಳು ವೆರ್ಲಿನ್ ಅಮ್ಮನಿಗಿಂತ ಒಂದು ಕೈ ಮೇಲು. ಅವಳು ಗ್ರೆನ್‌ವಿಲ್ ಪೇಟೆಯ ಅಗ್ನಿಶಾಮಕ ಠಾಣೆಯಲ್ಲಿ ಗುಮಾಸ್ತೆ. ಎಲ್ಲೆಲ್ಲಿ ಬೆಂಕಿ ಬಿತ್ತು, ಯಾರ ಅಜಾಗರೂಕತೆಯಿಂದ ಬಿತ್ತು ಎಂದು ದಿನವಿಡೀ ಬರೆಯುವುದೇ ಅವಳ ಕೆಲಸ. ಅಂಥವಳಿಗೆ ಸ್ವಂತ ಅಜ್ಜಿಯ ಕೈಯಲ್ಲಿ ಬೆಂಕಿಪೊಟ್ಟಣ ಕಂಡರೆ ಹೇಗಾಗಬೇಡ.

ಇಸ್ಮೇಯ ಕೆಲಸವೆಂದರೆ ಕೋಕೋ ನಡೆಯುವುದು. ಮನೆಯ ಅಡಿಯಿಂದ ಹಳಿಗಳ ಮೇಲೆ ಉರುಳಿ ಬಿಸಿಲಿಗೆ ಬರುವ ದೊಡ್ಡ ಮರದ ಟ್ರೇಗಳು. ಅವುಗಳ ತುಂಬ ಹರಡಿದ ಕೋಕೋ ಬೀಜ. ಬೀಜದ ನಡುವೆ ಬರಿಗಾಲಲ್ಲಿ ಪಾದ ಎತ್ತದೆ ಎಳೆಯುತ್ತ, ಸಾಲು ಸಾಲಾಗಿ ಮಗುಚುತ್ತ ನಡೆಯಬೇಕು. ದಿನಕ್ಕೆ ಎಷ್ಟೋ ಸಲ. ಅವಳ ಗಂಡ ಸಿಲ್ವನ್ ತೋಟ ನೋಡಿಕೊಳ್ಳುತ್ತಿದ್ದ, ಕಾಯಿ ಕೊಯ್ದು ಬೀಜ ಬಿಡಿಸಿ ಹುದುಗಿಗೆ ಹಾಕುತ್ತಿದ್ದ. ಟ್ರೇ ಮಾತ್ರ ಇಸ್ಮೇಯದು. ಹೀಗೆ ನಡೆದ ಆ ಬಲಗಾಲಿಗೆ ಅರವತ್ತರ ಹೊತ್ತಿಗೆ ಕೀಲುವಾತ ಹಿಡಿಯಿತು. ಪಾದದ ನಡುವಿನ ಕೀಲುಗಳು ಹೆಜ್ಜೆ ಇಟ್ಟಾಗಲೆಲ್ಲ ಚುಚ್ಚತೊಡಗಿದವು. ಕೊನೆಕೊನೆಗೆ ನೋವಿನ ಮಾತ್ರೆಯನ್ನು ಕಡಲೆಕಾಯಿಯಂತೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ್ದರು. "ಇಲ್ನೋಡಿ, ಕೀಲಿನ ಮಧ್ಯದ ಮೆತ್ತೆ ಪೂರ್ತಿ ಸವೆದಿದೆ. ಮೂಳೆಗೆ ಮೂಳೆ ಉಜ್ಜುತ್ತೆ, ಅದೇ ನೋವು. ತಿರುಪು ಹಾಕಿ ಎರಡನ್ನೂ ಕೂಡಿಸಿಬಿಡ್ತೀವಿ. ಕೂಡಿ ಒಂದೇ ಮೂಳೆ ಆಯ್ತು ಅಂದ್ರೆ ಉಜ್ಜೋ ಮಾತೇ ಇಲ್ಲ."

ಮನೆಗೆ ಬಂದು ಇಸ್ಮೇ ಇದನ್ನು ತಾಯಿಗೆ ವಿವರಿಸಿದಾಗ ಮಾ ಝೆಲಿ ತೊಗರಿಕಾಯಿ ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು: "ಅಂದ್ರೆ ದಿನಾ ಜಗಳ ಆಡೋ ಇಬ್ಬರನ್ನ ಹಿಡಿದು ಮದುವೆ ಮಾಡಿಸೋದು. ಅದರಿಂದ ಜಗಳ ನಿಂತದ್ದನ್ನ ನಾನಂತೂ ನೋಡಿಲ್ಲಮ್ಮ."

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸಿಲ್ವನ್ ಹೆಂಡತಿಯನ್ನು ಎತ್ತಿಕೊಂಡೇ ಮೆಟ್ಟಿಲು ಹತ್ತುತ್ತೇನೆಂದು ಹಟ ಹಿಡಿದ.

"ಮದುವೆ ದಿನ ಎತ್ಕೊಂಡಿರ್ಲಿಲ್ವಾ?"

"ಆವತ್ತು ನಾನು ಈಗಿನ ಅರ್ಧ ಇದ್ದೆ, ನೀನು ಈಗಿನ ಎರಡರಷ್ಟಿದ್ದೆ. ಸುಮ್ನೆ ಊರುಗೋಲು ಹಿಡ್ಕೊ," ಎಂದು ಇಸ್ಮೇ ಕೆಳಗಿನ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ಕೂತು, ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿಕೊಂಡು, ಒಂದೊಂದೇ ಮೆಟ್ಟಿಲನ್ನು ಕುಂಡೆಯ ಮೇಲೆ ಹತ್ತಿದಳು. ಬೇಲಿಯಾಚೆ ಪಕ್ಕದ ಮನೆಯವರೆಲ್ಲ ಸೇರಿದ್ದರು.

ಮೇಲಿಂದ ಮಾ ಝೆಲಿ ನೋಡುತ್ತಿದ್ದಳು. "ಒಂಬತ್ತು ತಿಂಗಳ ಕೂಸಾಗಿದ್ದಾಗಲೂ ಹೀಗೇ ಹತ್ತುತಿದ್ದೆ ಕಣೇ. ಮುಖ ಮಾತ್ರ ಆಗ ಚೆನ್ನಾಗಿತ್ತು."

ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು: ವಾರಗಟ್ಟಲೆ ಆ ಕಾಲು ನೆಲ ಸೋಕಬಾರದು, ಮಲಗಿದಾಗ ಎದೆಗಿಂತ ಎತ್ತರದಲ್ಲಿರಬೇಕು. ವೆರ್ಲಿನ್ ದಿಂಬಿನ ಮೇಲೆ ದಿಂಬು ಪೇರಿಸಿ ಅಮ್ಮನ ಕಾಲಿಟ್ಟು, ಮನೆಯವರನ್ನೆಲ್ಲ ಹಾಸಿಗೆಯ ಸುತ್ತ ಕರೆದಳು.

"ಬೆಳಿಗ್ಗೆ ನಾನು ಬ್ರೆಡ್ಡು, ಚೀಸು ಇಟ್ಟು ಹೋಗ್ತೀನಿ. ಮಧ್ಯಾಹ್ನ ಡಬ್ಬದ ಸೂಪು, ಡ್ಯಾಡಿ ಬಿಸಿ ಮಾಡ್ತಾರೆ. ಸಂಜೆ ನಾನು ಬಂದು ಏನಾದ್ರೂ ನೋಡ್ತೀನಿ."

"ಡಬ್ಬದ ಸೂಪಾ?" ಮಾ ಝೆಲಿ ಕೇಳಿದಳು. "ಮೂಳೆ ಕೂಡಬೇಕಾದವಳಿಗೆ ಡಬ್ಬದ ಸೂಪಾ? ಆ ಡಬ್ಬನೇ ಅರೆದು ಕುಡಿಸ್ರೇ, ಒಂದಿಷ್ಟು ತಗಡಾದ್ರೂ ಮೈಗೆ ಹತ್ಲಿ."

"ಗ್ರ್ಯಾನಿ, ನೀನು ಗ್ಯಾಸ್ ಹತ್ತಿರ ಹೋಗೋ ಹಾಗಿಲ್ಲ. ಈಗ್ಲೇ ಹೇಳಿದೀನಿ."

"ನಾನು ಹೋಗ್ತೀನಿ ಅಂದ್ನಾ?"

ಅವಳು ಹೋಗಲಿಲ್ಲ, ನಿಜ. ಮರುದಿನ ಬೆಳಿಗ್ಗೆ ಇಸ್ಮೇಗೆ ಎಚ್ಚರವಾದದ್ದು ಕೋಕೋ ಟೀಯ ವಾಸನೆಗೆ. ಚಕ್ಕೆ, ಜಾಯಿಕಾಯಿ, ಬೇ ಎಲೆ ಹಾಕಿ ಕುದಿಸಿದ, ಮೇಲೆ ಎಣ್ಣೆ ತೇಲುವ ಗಟ್ಟಿ ಟೀ. ಅಂಥದ್ದು ಆ ಮನೆಯಲ್ಲಿ ಕುದಿಯದೆ ವರ್ಷಗಳಾಗಿದ್ದವು. ಇಸ್ಮೇಗೆ ಪುಡಿ ಕಲಸಿ ಕುಡಿದು ಟ್ರೇಗೆ ಓಡುವುದೇ ಅಭ್ಯಾಸ. ಕಿಟಕಿಯಿಂದ ಕತ್ತು ಚಾಚಿ ನೋಡಿದರೆ ಮಾ ಝೆಲಿ ಅಂಗಳದಲ್ಲಿ ಹಳೆಯ ಇದ್ದಲ ಒಲೆ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತು, ಬೇಕ್ಸ್ ಕರಿಯುತ್ತಿದ್ದಳು. ಹಿಟ್ಟು ನಾದಿ ತಟ್ಟಿ ಎಣ್ಣೆಗೆ ಬಿಟ್ಟರೆ ಪೂರಿಯಂತೆ ಉಬ್ಬಿ ಬರುತ್ತಿದ್ದವು.

ವೆರ್ಲಿನ್ ಕೆಲಸಕ್ಕೆ ಹೊರಟವಳು ಅಲ್ಲೇ ನಿಂತುಬಿಟ್ಟಳು. "ಗ್ರ್ಯಾನಿ! ಇದೇನಿದು?"

"ಬೇಕ್ಸು."

"ಅದಲ್ಲ. ಈ ಒಲೆ ಎಲ್ಲಿಂದ ಬಂತು?"

"ಮನೆ ಅಡಿಯಿಂದ. ನಿಮ್ಮಪ್ಪ ಎತ್ಕೊಟ್ಟ. ಗ್ಯಾಸಿನ ಹತ್ತಿರ ಹೋಗ್ಬೇಡ ಅಂದೆ, ಹೋಗ್ಲಿಲ್ಲ. ಇಲ್ಲಿ ಉರಿಯೋಕೆ ಪರದೆ ಎಲ್ಲಿದೆ ತೋರ್ಸು."

ಸಿಲ್ವನ್ ಅಷ್ಟರಲ್ಲಿ ಬೇಕ್ಸ್ ಒಂದನ್ನು ಬಾಯಿಗೆ ಹಾಕಿಕೊಂಡು ತೋಟದ ಕಡೆಗೆ ಕಾಲಿಗೆ ಬುದ್ಧಿ ಹೇಳಿದ್ದ. ವೆರ್ಲಿನ್ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು, ಒಂದು ಒದ್ದೆ ಗೋಣಿ ತಂದು ಒಲೆಯ ಪಕ್ಕದಲ್ಲಿಟ್ಟಳು. "ಮಮ್ಮಿ ನಡೆಯೋವರೆಗೆ ಮಾತ್ರ. ಮಮ್ಮಿ ಎದ್ದು ಓಡಾಡಿದ ದಿನ ಈ ಒಲೆ ಮತ್ತೆ ಮನೆ ಅಡಿಗೆ, ನೀನು ಮತ್ತೆ ಕುರ್ಚಿಗೆ. ಒಪ್ಪಿಗೇನಾ?"

"ಮೊದಲು ನಿಮ್ಮಮ್ಮ ನಡೀಲಿ. ಎರಡು ಕಟ್ಕೊಂಡು ಹೋಗು, ಬಿಸಿ ಇದೆ," ಎಂದಳು ಮಾ ಝೆಲಿ.

ಹೀಗೆ ಶುರುವಾಯಿತು. ಮಾ ಝೆಲಿ ಮೀನಿನ ಸಾರು ಕಾಸಿದಳು. ಜೋಳದ ಹಿಟ್ಟಿನ ಮುದ್ದೆ ತಿರುವಿ ಕೆಸುವಿನೆಲೆಯ ಗೊಜ್ಜಿನ ಜೊತೆ ಕೊಟ್ಟಳು. ಕೋಳಿಕಾಲನ್ನು ಗಂಟೆಗಟ್ಟಲೆ ಕುದಿಸಿ, ಅಂಟಂಟಾದ ಆ ಸಾರನ್ನು "ಇದೇ ನಿನ್ನ ಮೂಳೆಗೆ ಗೋಂದು" ಎಂದು ಮಗಳ ಬಾಯಿಗೆ ಹಿಡಿದಳು. ಒಂದೆರಡು ಸಲ ತಳ ಹತ್ತಿದ್ದೂ ಉಂಟು. ಒಂದು ದಿನ ಸಕ್ಕರೆಯೆಂದು ಉಪ್ಪು ಹಾಕಿ, ಅದನ್ನು ಒಪ್ಪಿಕೊಳ್ಳದೆ, ಇಡೀ ಪಾತ್ರೆಯ ಗಂಜಿಯನ್ನು "ಇದು ಹಿಂದಿನ ಕಾಲದ ರುಚಿ" ಎಂದು ಬಡಿಸಿದಳು. ಸಿಲ್ವನ್ ಕಣ್ಣಲ್ಲಿ ನೀರು ತುಂಬಿಕೊಂಡು ಕುಡಿದ.

ಹಾಸಿಗೆಯಲ್ಲಿ ಬಿದ್ದಿದ್ದ ಇಸ್ಮೇಗೆ ಮೊದಲ ವಾರಗಳು ನರಕ. ಕಾಲು ಸಿಡಿಯುತ್ತಿತ್ತು, ಪ್ಲಾಸ್ಟರ್ ಒಳಗೆ ತುರಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬೇರೆಯವರು ಮಾಡುವ ಕೆಲಸದ ಸದ್ದನ್ನು ಕೇಳಿಸಿಕೊಂಡು ಮಲಗಿರುವುದಿತ್ತಲ್ಲ, ಅದು ಅವಳಿಗೆ ಆಗದು.

"ಮಾ, ಈರುಳ್ಳಿ ಅಷ್ಟು ಹುರೀಬೇಡ!" ಎಂದು ಮಂಚದಿಂದ ಕೂಗುವಳು.

"ನಿನ್ನ ಮೂಗನ್ನೂ ದಿಂಬಿನ ಮೇಲೆ ಇಟ್ಕೊ, ಎದೆಗಿಂತ ಎತ್ತರಕ್ಕೆ!" ಎಂದು ಅಂಗಳದಿಂದ ಉತ್ತರ ಬರುವುದು.

ಟ್ರೇ ನಡೆಯುವ ಕೆಲಸ ಸಿಲ್ವನ್‌ನ ಪಾಲಿಗೆ ಬಂದಿತ್ತು. ಅವನ ಅಂಗಾಲಿಗೆ ಕಚಗುಳಿ. ಬೀಜದ ಮೇಲೆ ಕಾಲಿಟ್ಟೊಡನೆ ಕಿಸಕ್ಕನೆ ನಗುತ್ತಿದ್ದ. ಎರಡನೇ ದಿನ ಕಾಲುಚೀಲ ಹಾಕಿಕೊಂಡು ಹತ್ತಿದ.

"ಯಾರಾದ್ರೂ ನೋಡಿದ್ರೆ ನಮ್ಮ ಕೋಕೋಗೆ ಏನೋ ಅಂಟುರೋಗ ಅಂದ್ಕೋತಾರೆ," ಎಂದಳು ಮಾ ಝೆಲಿ. "ಬಿಚ್ಚಯ್ಯಾ!"

"ನಗು ಬರುತ್ತೆ ಮಾ, ತಡ್ಕೊಳ್ಳೋಕಾಗಲ್ಲ!"

"ನಗ್ತಾ ನಡಿ. ಕೋಕೋ ಏನು ಬೇಜಾರು ಮಾಡ್ಕೊಳಲ್ಲ."

ಮಧ್ಯಾಹ್ನದ ಬಿಸಿಲಲ್ಲಿ ಅವನು ಟ್ರೇ ಮೇಲೆ ಹೀ ಹೀ ಎಂದು ನಗುತ್ತ ನಡೆಯುವುದು, ಒಲೆಯ ಬಳಿ ಮುದುಕಿ ಕೈಯಲ್ಲಿ ಸೌಟು ಹಿಡಿದು ಹಳೆ ಪಾತ್ವಾ ಭಾಷೆಯ ಹಾಡು ಗುನುಗುವುದು, ಮಂಚದ ಮೇಲೆ ಇಸ್ಮೇ ಹೊಟ್ಟೆ ಹಿಡಿದು ನಗುತ್ತ "ಅಯ್ಯೋ ಕಾಲಿನ ಹೊಲಿಗೆ, ಹೊಲಿಗೆ!" ಎನ್ನುವುದು. ಆ ಮನೆಯಲ್ಲಿ ಅಷ್ಟು ಗಲಾಟೆ ಕೇಳಿ ಬಹಳ ಕಾಲವಾಗಿತ್ತೆಂದು ಪಕ್ಕದ ಮನೆಯವರೇ ಹೇಳಿದರು.

ಕ್ರಿಸ್‌ಮಸ್ ಹತ್ತಿರವಾದಾಗ ಇಸ್ಮೇಗೆ ಊರುಗೋಲಿನ ಮೇಲೆ ಜಗಲಿಯವರೆಗೆ ಬರಲು ಅಪ್ಪಣೆಯಾಯಿತು. ಅಲ್ಲಿದ್ದದ್ದು ಒಂದೇ ಮೆತ್ತೆಯ ಕುರ್ಚಿ, ತಾಯಿಯದು. ಅವಳು ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿದ್ದೇ ತಡ, ಮಾ ಝೆಲಿ ಒಂದು ಬೋಗುಣಿ ಹಸಿ ತೊಗರಿಕಾಯಿ ತಂದು ಅವಳ ತೊಡೆಯ ಮೇಲೆ ಇಟ್ಟಳು. "ಬಿಡಿಸು. ಕೈ ಏನೂ ಕೊಯ್ದಿಲ್ವಲ್ಲ."

ಇಸ್ಮೇ ಬಿಡಿಸಿದಳು. ಮೊದಲ ದಿನ ಚೆನ್ನಾಗಿಯೇ ಇತ್ತು. ಎರಡನೇ ದಿನ ರಸ್ತೆಯಲ್ಲಿ ಹೋಗುವವರೆಲ್ಲ "ಹೇಗಿದೀಯ ಇಸ್ಮೇ ಆಂಟಿ, ಆರಾಮಾಗಿ ಕೂತಿದೀಯ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಆಮೇಲಿನ ದಿನಗಳಲ್ಲಿ ಒಳಗೆ ಏನು ನಡೆಯುತ್ತಿದೆಯೆಂದು ಯಾರೂ ಅವಳನ್ನು ಕೇಳಲಿಲ್ಲ. ಹ್ಯಾಮ್ ಯಾವಾಗ ತರುವುದು, ಕಪ್ಪು ಕೇಕಿಗೆ ಒಣದ್ರಾಕ್ಷಿ ನೆನೆ ಹಾಕಿದ್ದಾಯಿತೆ ಎಂಬುದನ್ನೆಲ್ಲ ಅವಳ ತಲೆಯ ಮೇಲಿಂದಲೇ ಮಾತಾಡಿಕೊಂಡರು. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಬೆನ್ನಿಗೆ ದಿಂಬು ಬರುತ್ತಿತ್ತು, ಎಲ್ಲರೂ ಅಕ್ಕರೆಯಿಂದಲೇ ಇದ್ದರು. ಒಂದು ಸಂಜೆ ತೊಗರಿಕಾಯಿ ಮುಗಿದು ಖಾಲಿ ಬೋಗುಣಿ ತೊಡೆಯ ಮೇಲಿದ್ದಾಗ ಇಸ್ಮೇಗೆ ಇದ್ದಕ್ಕಿದ್ದಂತೆ ಅಳು ಬಂತು. ಅಷ್ಟು ವರ್ಷ ಅಮ್ಮನನ್ನು ತಾನು ಇಲ್ಲೇ ಕೂರಿಸಿದ್ದೆನಲ್ಲ ಎಂದು ಅವಳಿಗೆ ಹೊಳೆಯಿತು.

ಅಂಗಳದಲ್ಲಿ ಮಾ ಝೆಲಿ ಪಾತ್ರೆ ಉಜ್ಜುತ್ತಿದ್ದಳು. ಸೊಂಟಕ್ಕೆ ಟವೆಲು ಸಿಕ್ಕಿಸಿದ್ದಳು, ಕೆನ್ನೆಗೆ ಮಸಿ ಹತ್ತಿತ್ತು. ಮೊದಲಿಗಿಂತ ಮೈ ತುಂಬಿಕೊಂಡಿದ್ದಳು. ತಾನು ಮಾಡಿದ್ದನ್ನು ತಾನೂ ತಿನ್ನುತ್ತಿದ್ದಳಲ್ಲ. ಅಮ್ಮ ಹೀಗೆ ಚೆನ್ನಾಗಿರುವುದನ್ನು ಕಂಡು ಇಸ್ಮೇಗೆ ಅಳುವಿನ ನಡುವೆಯೇ ಖುಷಿಯಾಯಿತು.

ಹೊಸ ವರ್ಷದ ಎಕ್ಸ್‌ರೇ ನೋಡಿ ಡಾಕ್ಟರು ಮುಖ ಅರಳಿಸಿದರು. "ಮೂಳೆ ಚೆನ್ನಾಗಿ ಕೂಡ್ತಾ ಇದೆ. ಇನ್ನೊಂದಷ್ಟು ದಿನ ಈ ದಪ್ಪ ಬೂಟು ಹಾಕ್ಕೊಂಡು ನಡೀರಿ, ಆಮೇಲೆ ಗಟ್ಟಿ ಅಡಿಯ ಚಪ್ಪಲಿ ಸಾಕು. ಈ ಪಾದ ಮೊದಲಿನ ಹಾಗೆ ಬಗ್ಗಲ್ಲ. ಆದ್ರೆ ನೋಯೋದಿಲ್ಲ."

"ಕೋಕೋ ನಡೀಬಹುದಾ?"

"ಪಾದ ಎತ್ತದೆ ಎಳೆಯೋ ಕೆಲಸ ತಾನೆ? ಬೂಟು ಬಿಚ್ಚಿದ ಮೇಲೆ ನಿಧಾನಕ್ಕೆ ಶುರು ಮಾಡಿ. ನಿಮಗೆ ಅದಕ್ಕಿಂತ ಒಳ್ಳೇ ವ್ಯಾಯಾಮ ನಾನು ಹೇಳೋಕಾಗಲ್ಲ."

ಹಿಂತಿರುಗುವಾಗ ಕಾರಿನಲ್ಲಿ ವೆರ್ಲಿನ್ ನಿಟ್ಟುಸಿರು ಬಿಟ್ಟಳು. "ಅಂತೂ ದೇವರು ದೊಡ್ಡವನು, ಮನೆ ಸುಟ್ಟುಕೊಳ್ದೆ ಇಲ್ಲಿವರೆಗೆ ಬಂದ್ವಿ. ಇನ್ನು ನೀನು ನೆಟ್ಟಗೆ ನಿಂತ ದಿನ ಆ ಒಲೆ ಎತ್ತಿ ಇಡ್ತೀನಿ. ಠಾಣೇಲಿ ಕೂತ್ರೂ ನಂಗೆ ಜೀವ ಇಲ್ಲೇ ಇರುತ್ತೆ ಮಮ್ಮಿ. ಟೆಲಿಫೋನ್ ಹೊಡ್ಕೊಂಡಾಗಲೆಲ್ಲ ನಮ್ಮನೆ ವಿಳಾಸ ಹೇಳ್ತಾರೇನೋ ಅನ್ಸುತ್ತೆ."

ಅವಳ ಕೈ ಸ್ಟಿಯರಿಂಗ್ ಮೇಲೆ ನಿಜವಾಗಿಯೂ ಬಿಗಿದಿತ್ತು. ಇಸ್ಮೇಗೆ ಮಗಳ ಭಯವೂ ಸುಳ್ಳೆನಿಸಲಿಲ್ಲ. ಬೂಟು ಬಿಚ್ಚುವ ದಿನ ಬಂದು, ಹೊಸ ಚಪ್ಪಲಿ ಮೆಟ್ಟಿ, ಮನೆಯವರೆಲ್ಲ ನೋಡುತ್ತಿದ್ದಂತೆ ಎದ್ದು ನಿಂತಾಗ ಅವಳಿಗೇ ಆಶ್ಚರ್ಯವಾಯಿತು: ನೋವಿಲ್ಲ. ಬಿಗಿ ಇದೆ, ಪಾದ ಮರದ ಹಾಗಿದೆ, ಆದರೆ ಆ ಚುಚ್ಚು ಇಲ್ಲವೇ ಇಲ್ಲ. ಕುಣಿಯೋಣವೆನಿಸಿತು. ಬಾಗಿಲ ಬಳಿ ಮಾ ಝೆಲಿ ಸೌಟು ಹಿಡಿದು ನಿಂತಿದ್ದಳು. ವೆರ್ಲಿನ್ ಆಗಲೇ ಒಲೆಯ ಕಡೆ ನೋಡುತ್ತಿದ್ದಳು.

"ಅಯ್ಯಪ್ಪಾ!" ಎಂದು ಕಿರುಚಿ ಇಸ್ಮೇ ಮಂಚದ ಮೇಲೆ ಕುಸಿದಳು. "ಆಗಲ್ಲ, ಆಗಲ್ಲ. ನಿಲ್ಲೋಕೇ ಆಗಲ್ಲ!"

ಸುಳ್ಳು ಹೇಳುವುದರಲ್ಲಿ ಅವಳು ಎತ್ತಿದ ಕೈಯಲ್ಲ. ಆದರೂ ಅಂದಿನಿಂದ ಮನೆಯಲ್ಲಿ ಯಾರಿದ್ದರೂ ಕುಂಟಿದಳು, ನರಳಿದಳು, ಎರಡು ಹೆಜ್ಜೆಗೊಮ್ಮೆ ಗೋಡೆ ಹಿಡಿದಳು. ವೆರ್ಲಿನ್ ಠಾಣೆಗೆ, ಸಿಲ್ವನ್ ತೋಟಕ್ಕೆ, ಮಾ ಝೆಲಿ ಇದ್ದಲು ತರಲು ಹೋದಾಗ ಮಾತ್ರ ಜಗಲಿಯ ಉದ್ದಕ್ಕೂ ಸರಸರನೆ ನಡೆದು ಕಾಲಿಗೆ ಅಭ್ಯಾಸ ಮಾಡಿಸುತ್ತಿದ್ದಳು. ಅಡುಗೆಯ ಕೆಲಸ ಮಾ ಝೆಲಿಯ ಕೈಯಲ್ಲೇ ಉಳಿಯಿತು.

ಸುಳ್ಳಿಗೆ ಸಾವಿರ ಕಾಲು ಎನ್ನುತ್ತಾರೆ. ಸಿಲ್ವನ್ ಹೆಂಡತಿಯ ಕಾಲಿಗಾಗಿ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿಬಂದ. ಮಾ ಝೆಲಿ ದಿನಾ ಜಾಯಿಕಾಯಿ ಎಣ್ಣೆ ಬಿಸಿ ಮಾಡಿ ಪಾದ ತಿಕ್ಕಿದಳು, ತಿಕ್ಕುತ್ತ ಮಗಳ ಮುಖ ನೋಡಿದಳು. ವೆರ್ಲಿನ್ ಅಂತೂ ಒಂದು ಸಂಜೆ ಗಂಭೀರವಾಗಿ ಬಂದು ಮಂಚದ ತುದಿಯಲ್ಲಿ ಕೂತಳು.

"ಮಮ್ಮಿ, ಟ್ರಿನಿಡಾಡ್‌ನಲ್ಲಿ ಒಬ್ರು ದೊಡ್ಡ ಡಾಕ್ಟರ್ ಇದಾರಂತೆ. ಬೇಕಾದ್ರೆ ಮತ್ತೆ ಬಿಚ್ಚಿ, ತಿರುಪು ತೆಗೆದು, ಹೊಸದಾಗಿ ಮಾಡ್ತಾರಂತೆ. ಕೇಳ್ಲಾ?"

"ಬೇಡ!" ಇಸ್ಮೇ ಕೂಗಿದ ರಭಸಕ್ಕೆ ಸಿಲ್ವನ್ ಕೈಲಿದ್ದ ಲೋಟ ತುಳುಕಿತು. "ಅಂದ್ರೆ... ಈಗ ಸ್ವಲ್ಪ ವಾಸಿ. ಸ್ವಲ್ಪವೇ. ತೀರಾ ವಾಸಿ ಅಲ್ಲ."

"ಸ್ವಲ್ಪ ಅಂದ್ರೆ ಎಷ್ಟು?"

"ಕೂತ್ಕೊಂಡಾಗ ನೋಯಲ್ಲ."

ಫೆಬ್ರವರಿಯಲ್ಲಿ ಸ್ವಾತಂತ್ರ್ಯ ದಿನ ಬಂತು. ಅಂದು ಗ್ರೆನಾಡದ ಯಾವ ಅಂಗಳದಲ್ಲಿ ಆಯಿಲ್‌ಡೌನ್ ಬೇಯುವುದಿಲ್ಲ! ಮಾ ಝೆಲಿ ಮುಂಜಾನೆಯೇ ಎದ್ದು ದೊಡ್ಡ ಪಾತ್ರೆಯಲ್ಲಿ ಅದನ್ನು ಜೋಡಿಸತೊಡಗಿದಳು. ತಳದಲ್ಲಿ ಉಪ್ಪಿನ ಹಂದಿಬಾಲ, ಮೇಲೆ ದೀವಿಹಲಸಿನ ಹೋಳು, ಅದರ ಮೇಲೆ ಕ್ಯಾರೆಟ್ಟು, ಉದ್ದುದ್ದ ಹಿಟ್ಟಿನ ಕಡುಬು, ಎಲ್ಲಕ್ಕೂ ಮೇಲೆ ಕೆಸುವಿನೆಲೆ. ಅರಿಸಿನ ಕದಡಿದ ತೆಂಗಿನಹಾಲು ಸುರಿದು ಮುಚ್ಚಿದರೆ, ಹಾಲೆಲ್ಲ ಹೀರಿ ತಳದಲ್ಲಿ ಎಣ್ಣೆ ಉಳಿಯುವವರೆಗೆ ಬೇಯಬೇಕು. ದೊಡ್ಡ ಪಾತ್ರೆ, ಹಾಗಾಗಿ ಮೂರು ಕಲ್ಲಿನ ಮೇಲೆ ಸೌದೆಯ ಬೆಂಕಿ. ವೆರ್ಲಿನ್‌ಗೆ ರಜೆ. ಅವಳು ಬೆಂಕಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಮರಳಿನ ಬಕೆಟನ್ನು ಕಾಲಬಳಿ ಇಟ್ಟುಕೊಂಡು ಕೂತಳು.

"ಇವತ್ತು ಈ ಬೆಂಕಿ ಜವಾಬ್ದಾರಿ ನಂದು ಗ್ರ್ಯಾನಿ. ನೀನು ಜೋಡಿಸಿ ಆಯ್ತಲ್ಲ, ಹೋಗಿ ಕೂತ್ಕೊ. ನಾನು ಇಲ್ಲಿಂದ ಅಲ್ಲಾಡಲ್ಲ."

"ನೀನು ಕೂತ್ರೆ ಬೆಂಕಿ ಹೆದರ್ಕೊಂಡು ಆರಿಹೋಗುತ್ತೆ," ಎಂದಳೇ ಹೊರತು ಮುದುಕಿ ಆಚೆ ಹೋಗಲಿಲ್ಲ. ಸೌಟು ಹಿಡಿದು ಎದುರಿಗೇ ಸ್ಟೂಲು ಹಾಕಿಕೊಂಡಳು.

ನೆಂಟರೂ ನೆರೆಯವರೂ ಒಬ್ಬೊಬ್ಬರಾಗಿ ಸೇರಿದರು. ಟ್ರೇಗಳೆಲ್ಲ ಬಿಸಿಲಿಗೆ ಹೊರಗಿದ್ದವು, ಬೀಜ ಇನ್ನೇನು ಒಣಗಿ ಚೀಲಕ್ಕೆ ಹೋಗಬೇಕು. ಇಸ್ಮೇ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಬಂದವರಿಗೆಲ್ಲ ನೋವಿನ ವರದಿ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಬೆಟ್ಟದ ಹಿಂದಿನಿಂದ ಒಂದು ಮೋಡ ಬಂದು, ಹೇಳದೆ ಕೇಳದೆ ದಪ್ಪ ದಪ್ಪ ಹನಿ ಉದುರಿಸಿತು.

"ಮಳೆ! ಕೋಕೋ!" ಎಂದು ಕೂಗಿದ್ದು ಯಾರೋ. ಎದ್ದದ್ದು ಎಲ್ಲರೂ. ಒಣಗಿದ ಬೀಜಕ್ಕೆ ನೀರು ಬಿದ್ದರೆ ಬೂಸ್ಟು ಹಿಡಿದು ತಿಂಗಳ ದುಡಿಮೆ ಹಾಳು. ಈ ಬೆಟ್ಟದಲ್ಲಿ ಹುಟ್ಟಿದವರಿಗೆ ಆ ಕೂಗು ಬಿದ್ದರೆ ಆಮೇಲೆ ಬುದ್ಧಿ ಕೆಲಸ ಮಾಡುವುದಿಲ್ಲ, ಕೈಕಾಲು ಮಾತ್ರ ಮಾಡುತ್ತವೆ. ಸಿಲ್ವನ್ ಒಂದು ಟ್ರೇಗೆ ಹೆಗಲು ಕೊಟ್ಟ. ನೆರೆಯವರು ಇನ್ನೊಂದಕ್ಕೆ ಮುಗಿಬಿದ್ದರು. ವೆರ್ಲಿನ್ ಕುರ್ಚಿ ಕೆಡವಿ ಓಡಿಬಂದಳು. ಕೊನೆಯ ಟ್ರೇ, ಎಲ್ಲಕ್ಕಿಂತ ಭಾರದ್ದು, ಕದಲಲೊಲ್ಲದು.

"ಎಡಗಡೆಯಿಂದ ತಳ್ರೋ, ಎಡಗಡೆಯಿಂದ! ಆ ಗಾಲಿ ಸಿಕ್ಕೊಳುತ್ತೆ!" ಎನ್ನುತ್ತ ಬಂದವಳು ಅವರೆಲ್ಲರ ನಡುವೆ ನುಗ್ಗಿ, ಬಲಗಾಲನ್ನು ನೆಲಕ್ಕೆ ಊರಿ, ಇಡೀ ಮೈಯ ಭಾರ ಬಿಟ್ಟು ತಳ್ಳಿದಳು. ಟ್ರೇ ಗಡಗಡನೆ ಉರುಳಿ ಮನೆಯಡಿಗೆ ಸೇರಿತು. ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, ಗೆದ್ದ ಮುಖದಿಂದ ತಿರುಗಿ ನೋಡಿದಳು.

ಎಲ್ಲರೂ ಅವಳ ಕಾಲನ್ನೇ ನೋಡುತ್ತಿದ್ದರು.

ಕುರ್ಚಿ ಅಲ್ಲೆಲ್ಲೋ ದೂರದಲ್ಲಿತ್ತು. ಇಸ್ಮೇ ತಡವಾಗಿ ಬಲಗಾಲನ್ನು ಮೇಲೆತ್ತಿ "ಅಯ್ಯೋ" ಎಂದಳು. ಸಿಲ್ವನ್‌ಗೂ ನಂಬಿಕೆ ಬರಲಿಲ್ಲ.

"ಮಮ್ಮಿ," ವೆರ್ಲಿನ್ ನಿಧಾನವಾಗಿ ಕೇಳಿದಳು, "ನಿನ್ನ ಕಾಲು ಯಾವಾಗಿಂದ ಚೆನ್ನಾಗಿದೆ?"

"ಬೂಟು ಬಿಚ್ಚಿದ ದಿನದಿಂದ," ಎಂದಳು ಇಸ್ಮೇ. ಮಳೆಯಲ್ಲಿ ನೆನೆಯುತ್ತ ಇನ್ನೇನು ಮುಚ್ಚುವುದು?

"ನಾನು ಮೇಣದಬತ್ತಿ ಹಚ್ಚಿದ್ನಲ್ಲೇ!" ಎಂದ ಸಿಲ್ವನ್.

"ಟ್ರಿನಿಡಾಡ್ ಡಾಕ್ಟರ್‌ಗೆ ಫೋನ್ ಮಾಡಿದೀನಿ ಮಮ್ಮಿ! ನಂಗೆ ನಿದ್ದೆ ಇರ್ಲಿಲ್ಲ! ಯಾಕೆ? ಯಾತಕ್ಕೆ ಈ ನಾಟಕ?"

"ನಾನು ನಡೆದ್ರೆ ನೀನು ಮಾ ಕೈಯಿಂದ ಸೌಟು ಕಿತ್ಕೋತಿದ್ದೆ, ಅದಕ್ಕೆ!" ಇಸ್ಮೇಯ ದನಿ ಒಡೆಯಿತು. "ಮೊದಲು ಕಿತ್ಕೊಂಡವಳು ನಾನೇ. ಆ ಕುರ್ಚೀಲಿ ಒಂದು ತಿಂಗಳು ಕೂತು ನೋಡು ಗೊತ್ತಾಗುತ್ತೆ. ಅಮ್ಮ ಅಲ್ಲಿ ಸಾಯ್ತಿದ್ಲು ಕಣೇ, ನಾವು ಆರಾಮಾಗಿದಾಳೆ ಅಂದ್ಕೊಂಡ್ವಿ. ಒಲೆ ಮುಂದೆ ಕೂತ ಮೇಲೆ ಅವಳು ಮತ್ತೆ ನನ್ನಮ್ಮ ಆಗಿದಾಳೆ. ನಾನು ಜೀವನಪೂರ್ತಿ ಬೇಕಾದ್ರೂ ಕುಂಟ್ತೀನಿ."

ವೆರ್ಲಿನ್‌ಳ ಕಣ್ಣು ಅಮ್ಮನ ಹೆಗಲಾಚೆ ಎಲ್ಲಿಗೋ ಹೋಗಿ, ಮುಖದ ಬಣ್ಣ ಇಳಿಯಿತು. "ಬೆಂಕಿ!" ಎಂದು ಚೀರಿದಳು. "ನಾನು ಬೆಂಕಿ ಬಿಟ್ಟು ಬಂದೆ!"

ಎಲ್ಲರೂ ಅಂಗಳದ ಕಡೆ ಓಡಿದರು. ಮಳೆ ಸುರಿಯುತ್ತಲೇ ಇತ್ತು. ಮೂರು ಕಲ್ಲಿನ ಮುಂದೆ ಮಾ ಝೆಲಿ ಒಬ್ಬಳೇ ನಿಂತಿದ್ದಳು. ಒಂದು ತಗಡಿನ ಹಾಳೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ, ಒಲೆಗೂ ಪಾತ್ರೆಗೂ ಮರೆ ಹಿಡಿದಿದ್ದಳು. ಬಟ್ಟೆ ಮೈಗಂಟಿತ್ತು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಗಡಿನಡಿ ಬೆಂಕಿ ಹದವಾಗಿ ಉರಿಯುತ್ತಿತ್ತು. ಗಾಳಿಗೆ ಹೊರಗೆ ಸಿಡಿದ ಒಂದು ಕೊಳ್ಳಿಯನ್ನು ಕಾಲಿಂದ ಮರಳಿಗೆ ತಳ್ಳಿ ಆರಿಸಿದ್ದೂ ಕಾಣುತ್ತಿತ್ತು.

"ಬಂದ್ರಾ ಅಗ್ನಿಶಾಮಕದವರು?" ಎಂದಳು ಮಾ ಝೆಲಿ. "ತಗೊಳ್ರೇ ಇದನ್ನ. ನನ್ನ ತೋಳು ಬಿದ್ದುಹೋಯ್ತು."

ಸಿಲ್ವನ್ ಓಡಿಹೋಗಿ ತಗಡು ಹಿಡಿದುಕೊಂಡ. ವೆರ್ಲಿನ್ ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತಳು. "ಗ್ರ್ಯಾನಿ, ನಾನು... ಮಳೆ ಅಂದ್ರು, ಓಡಿಬಿಟ್ಟೆ. ಯೋಚನೆನೇ ಬರ್ಲಿಲ್ಲ."

"ಅದೇನು ದೊಡ್ಡ ವಿಷಯ. ಬ್ಯಾಂಡಿನ ಸದ್ದು ಕೇಳಿದಾಗ ನಂಗೂ ಹಂಗೇ ಆಯ್ತು," ಎಂದಳು ಮಾ ಝೆಲಿ. ಕುಟುಕಿದಳೋ ಸಮಾಧಾನ ಮಾಡಿದಳೋ ಹೇಳುವುದು ಕಷ್ಟ. ವೆರ್ಲಿನ್ ಮಾತ್ರ ನೆನೆದ ಅಜ್ಜಿಯನ್ನು ಹಾಗೇ ಬಾಚಿ ತಬ್ಬಿಕೊಂಡು, ಅತ್ತಳು, ನಕ್ಕಳು. ಕೊನೆಗೆ ಮೂಗು ಒರೆಸಿಕೊಂಡು, "ನಿಂಗೆ ಈ ಅಂಗಳದಲ್ಲಿ ಒಂದು ಚಪ್ಪರ ಹಾಕಿಸ್ಬೇಕು. ಒಲೆ ಮೇಲೆ. ತಗಡಿಂದು, ಹುಲ್ಲಿಂದಲ್ಲ," ಎಂದಳು.

"ಹಾಕ್ಸು. ಹೇಳಿದ್ನಾ ಬೇಡ ಅಂತ?" ಎಂದ ಮಾ ಝೆಲಿ ಈಗ ಮಗಳ ಕಡೆ ತಿರುಗಿದಳು. ಇಸ್ಮೇ ಚಿಕ್ಕ ಹುಡುಗಿಯ ಹಾಗೆ ತನ್ನ ಅಂಗಿಯ ತುದಿ ಹಿಂಡುತ್ತ ನಿಂತಿದ್ದಳು.

"ದಿನಾ ಆ ಕಾಲು ತಿಕ್ಕಿದವಳು ನಾನು. ನೋಯೋ ಕಾಲು ಯಾವುದು, ನೋಯದ ಕಾಲು ಯಾವುದು ಅಂತ ನಂಗೆ ಗೊತ್ತಾಗಲ್ವಾ?"

"ಗೊತ್ತಿತ್ತಾ ಮಾ? ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಚೆನ್ನಾಗಿ ನರಳ್ತಿದ್ದೆ. ಕೇಳೋಕೆ ಖುಷಿ ಆಗ್ತಿತ್ತು." ಮುದುಕಿ ಸೌಟನ್ನು ಮಗಳ ಎದೆಗೆ ಗುರಿ ಹಿಡಿದಳು. "ಆದ್ರೆ ಒಂದು ಮಾತು ಕೇಳು. ನನ್ನ ಅಡುಗೆಗೆ ನಿನ್ನ ಕುಂಟುಕಾಲಿನ ಶಿಫಾರಸು ಬೇಕಾಗಿಲ್ಲ. ನೀನು ಓಡು, ಕುಣಿ, ಹಾರು. ಈ ಸೌಟು ನಾನು ಕೊಡಲ್ಲ. ಕೇಳಿದ್ರೂ ಕೊಡಲ್ಲ. ಈಗ ಎಲ್ಲರೂ ತಟ್ಟೆ ತನ್ನಿ."

ಅಂದು ಆಯಿಲ್‌ಡೌನ್ ಪಾತ್ರೆಯ ತಳ ಕಂಡಿತು. ಸಂಜೆಗೆ ಇಸ್ಮೇಯ ಪಾದ ಊದಿ ಬ್ರೆಡ್ಡಿನಂತಾಯಿತು. ಮುಂದಿನ ಭೇಟಿಯಲ್ಲಿ ಡಾಕ್ಟರಿಂದ ಚೆನ್ನಾಗಿಯೇ ಬೈಸಿಕೊಂಡಳು. ಮೂಳೆ ಮಾತ್ರ ಕೂಡಿಕೊಂಡಲ್ಲೇ ಗಟ್ಟಿಯಾಗಿತ್ತು.

ಊತ ಇಳಿದ ಮೇಲೆ ಒಂದು ಬೆಳಿಗ್ಗೆ ಅವಳು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಟ್ರೇ ಹತ್ತಿದಳು. ಬೀಜ ಆಗಲೇ ಬಿಸಿಲಿಗೆ ಬೆಚ್ಚಗಾಗಿತ್ತು. ಬಗ್ಗದ ಪಾದವನ್ನು ಎತ್ತದೆ ಎಳೆದಳು. ನೆಟ್ಟಗೆ ಒಂದು ಸಾಲು ಮೂಡಿತು, ಪಕ್ಕದಲ್ಲಿ ಇನ್ನೊಂದು. ಸಿಲ್ವನ್ ಕೆಳಗೆ ನಿಂತು, ತನ್ನ ಅಂಗಾಲಿನ ಬಿಡುಗಡೆಗೆ ದೇವರಿಗೆ ಕೈಮುಗಿದ. ಅವಳಿಗೆ ನಗು ಬಂತು. ನಡೆಯುತ್ತ ನಡೆಯುತ್ತ ಹಸಿವಾಯಿತು. ಎಷ್ಟೋ ವರ್ಷಗಳಿಂದ ಹಸಿವಾದರೆ ತಾನೇ ಹೋಗಿ ಮಾಡಿಕೊಂಡು, ಮಾಡಿದ್ದನ್ನು ಎಲ್ಲರಿಗೂ ಕೊಟ್ಟು, ಉಳಿದದ್ದನ್ನು ನಿಂತು ತಿನ್ನುತ್ತಿದ್ದವಳು ಅವಳು.

"ಮಾ!" ಎಂದು ಅಂಗಳದ ಕಡೆ ಕೂಗಿದಳು. "ಹೊಟ್ಟೆ ಹಸೀತಿದೆ! ಏನಾದ್ರೂ ಆಯ್ತಾ?"

"ಅರವತ್ತಾದ್ರೂ ತಡ್ಕೊಳ್ಳೋದು ಕಲೀಲಿಲ್ಲ! ಆದಾಗ ಕರೀತೀನಿ, ನಿನ್ನ ಕೆಲಸ ನೋಡು!"

ಇಸ್ಮೇ ತನ್ನ ಕೆಲಸ ನೋಡಿದಳು. ಹಸಿದ ಹೊಟ್ಟೆಯಲ್ಲಿ, ಬೆಚ್ಚನೆಯ ಬೀಜದ ಮೇಲೆ ಪಾದ ಎಳೆಯುತ್ತ, ಅಮ್ಮ ಊಟಕ್ಕೆ ಕರೆಯುವುದನ್ನು ಕಾಯುತ್ತ ಸಾಲಿನ ಮೇಲೆ ಸಾಲು ನಡೆದಳು.